ಈಕೆಯದೇನೂ ತಕರಾರಿಲ್ಲ

ಜೂನ್ ೧೩, ಶುಕ್ರವಾರ

ಮಸಾಲೆ ಕಂಪನಿಯವರು ದೀಪಾವಳಿಗೆ ಕೊಟ್ಟ ಡೈರಿ ಇಷ್ಟು ದಿನ ಗಲ್ಲಾದ ಹಿಂದೆ ಧೂಳು ತಿನ್ನುತ್ತ ಬಿದ್ದಿತ್ತು. ಇವತ್ತು ಇದಕ್ಕೊಂದು ಕೆಲಸ ಸಿಕ್ಕಿತು.

ಸೀಮಾ ಡಾಕ್ಟರು ಫೋನ್ ಮಾಡಿದ್ದರು. ನಾಲ್ಕು ವರ್ಷದ ಹಿಂದೆ ನನಗೆ ಕ್ಷಯ ಆದಾಗ ಆರು ತಿಂಗಳು ಗುಳಿಗೆ ನುಂಗಿಸಿ ಬದುಕಿಸಿದವರು ಅವರೇ. ಈಗ ಅವರದೊಂದು ಸಂಶೋಧನೆ ಶುರುವಾಗಿದೆಯಂತೆ. ಕಟ್ಟಡದ ಕೆಲಸಕ್ಕೆ ಇಲ್ಲಿಗೆ ಬಂದ ನಮ್ಮ ಕನ್ನಡದ ಕಡೆಯ ಜನ ಕ್ಷಯದ ಗುಳಿಗೆಯನ್ನು ನಡುವೆಯೇ ಯಾಕೆ ಬಿಡುತ್ತಾರೆ, ಬಿಡದ ಹಾಗೆ ಏನು ಮಾಡಬಹುದು ಎಂದು. ಇದರಲ್ಲಿ ರೋಗಿಗಳ ರಕ್ತ, ಕಫ ತೆಗೆದುಕೊಂಡು ಕಳಿಸಿಬಿಡುವುದಿಲ್ಲವಂತೆ. ಅವರನ್ನೇ ಕುರ್ಚಿ ಹಾಕಿ ಕೂರಿಸಿ, ಈ ಸಂಶೋಧನೆ ಹೇಗೆ ನಡೆಯಬೇಕು ಎಂದು ಅವರನ್ನೇ ಕೇಳುತ್ತಾರಂತೆ. ಅದಕ್ಕೆ ರೋಗಿಗಳ ಸಲಹಾ ಮಂಡಳಿ ಎಂದು ಹೆಸರು. "ನೀನೂ ಬಾ ಪ್ರತಿಮಾ. ನಿನಗೆ ರೋಗವೂ ಗೊತ್ತು, ಕನ್ನಡವೂ ಗೊತ್ತು" ಎಂದರು ಕೊಂಕಣಿಯಲ್ಲಿ.

ಬರುತ್ತೇನೆ, ಆದರೆ ದುಭಾಷಿಯಾಗಿ ಮಾತ್ರ ಎಂದೆ. ನನ್ನ ಕಾಯಿಲೆಯ ಸುದ್ದಿ ಆ ಮೇಜಿನ ಮೇಲೆ ಬರಕೂಡದು. ಅವರು ಒಪ್ಪಿಕೊಂಡರು.

ಫೋಂಡಾದಲ್ಲಿ ನಮ್ಮದು ಜೋಳದ ಹಿಟ್ಟು, ಖಾರಪುಡಿ, ಶೇಂಗಾ ಚಟ್ನಿಯ ಅಂಗಡಿ. ಹಿಟ್ಟು ತೂಗುವವಳಿಗೇ ಕ್ಷಯ ಇತ್ತೆಂದರೆ ಮೆಟ್ಟಿಲು ಯಾರು ಹತ್ತುತ್ತಾರೆ? ಆಗ ಊರಿಗೆಲ್ಲ ನಿಮೋನಿಯಾ ಎಂದೇ ಹೇಳಿದ್ದೆವು, ಅತ್ತೆಗೂ ಅದನ್ನೇ. ಗೊತ್ತಿದ್ದದ್ದು ನನ್ನ ಗಂಡ ಶಶಿಧರರಿಗೆ ಮಾತ್ರ. ಇವತ್ತು ವಿಷಯ ಹೇಳಿದರೆ ಅವರು ತಕ್ಕಡಿಯಿಂದ ತಲೆ ಎತ್ತದೆ "ಹೋಗಿ ಬಾ. ಆದ್ರ ಬಾಯಿ ಭದ್ರ" ಎಂದರು. ನನಗೇ ಬುದ್ಧಿ ಹೇಳುತ್ತಾರೆ, ನಾನೇನು ಚಿಕ್ಕ ಹುಡುಗಿಯೆ.

ಜೂನ್ ೨೧, ಶನಿವಾರ

ಮೊದಲ ಸಭೆ ಮುಗಿಯಿತು. ಬಾಡಿಗೆಗೆ ಹಿಡಿದ ಒಂದು ಹಾಲ್, ಸುತ್ತ ಹಾಕಿದ ಕುರ್ಚಿಗಳು, ಸಮೋಸಾ, ಚಹಾ. ಬಂದವರು ನಾಲ್ಕು ಜನ ರೋಗಿಗಳು. ಇಬ್ಬರು ಕೊನೆಯವರೆಗೆ ತುಟಿ ಬಿಚ್ಚಲಿಲ್ಲ. ಮೂರನೆಯವ ಕಾಸೀಮಸಾಬ, ಗಾರೆ ಕೆಲಸದ ಗೌಂಡಿ, ಗುಳಿಗೆ ಮುಗಿಸಿ ಗುಣವಾದವ. ಗುಳಿಗೆ ನುಂಗಿದ ಮೊದಲ ದಿನ ಅದರ ಬಣ್ಣಕ್ಕೆ ಕೆಂಪಾದ ಉಚ್ಚೆ ನೋಡಿ "ನನ್ನ ರಕ್ತ ಎಲ್ಲಾ ಹೊಂಟತು ಅಂತ ಹೇಣ್ತಿನ್ನ ಕರದು ಕಡೀ ಮಾತ ಹೇಳಿಬಿಟ್ಟಿದ್ನಿ" ಎಂದಾಗ ಎಲ್ಲರೂ ನಕ್ಕರು. ನಾನೂ ನಕ್ಕೆ, ಏನೂ ಗೊತ್ತಿಲ್ಲದವಳ ಹಾಗೆ.

ನಾಲ್ಕನೆಯವಳು ಯಲ್ಲವ್ವ. ಬಾದಾಮಿ ಕಡೆಯವಳು. ಗಂಡ ಲಕ್ಷ್ಮಪ್ಪನ ಜೊತೆ ಇಲ್ಲೇ ಊರ ಹೊರಗೆ ಕಟ್ಟುತ್ತಿರುವ ದೊಡ್ಡ ಕಟ್ಟಡದ ತಗಡಿನ ಪತ್ರಾಸ್ ಶೆಡ್ಡಿನಲ್ಲಿ ಇದ್ದಾಳೆ. ಗುಳಿಗೆ ಶುರುವಾಗಿ ಎರಡೂವರೆ ತಿಂಗಳು. ಅಬ್ಬಬ್ಬ, ಏನು ಬಾಯಿ ಆಕೆಯದು. ಒಂದು ಕೇಳಿದರೆ ಹತ್ತು ಹೇಳುತ್ತಾಳೆ. ನಡುವೆ ಎಮ್ಮೆಯ ಕಥೆ, ನಾದಿನಿಯ ಕಥೆ. ದಾಖಲೆ ಇಂಗ್ಲಿಷಿನಲ್ಲಿ ಇರಬೇಕಂತೆ; ಅಷ್ಟನ್ನೂ ಸೋಸಿ ನಾನು ಇಂಗ್ಲಿಷಿನ ಎರಡೇ ವಾಕ್ಯದಲ್ಲಿ ಕೊಟ್ಟೆ. ಗುಳಿಗೆ ಕೊಡುವುದು ಬೆಳಿಗ್ಗೆ ಹತ್ತಕ್ಕೆ, ಆ ಹೊತ್ತಿಗೆ ಹೋದರೆ ಆ ದಿನದ ಪಗಾರ ಹೋಯಿತು, ಸಂಜೆ ಕೊಡಿ ಎಂಬುದು ಅದರ ಸಾರ. ಸೀಮಾ ಡಾಕ್ಟರು ಖುಷಿಯಾಗಿ ಬರೆದುಕೊಂಡರು. ಇದು ನಮಗ್ಯಾರಿಗೂ ಹೊಳೆದಿರಲಿಲ್ಲ ಎಂದರು.

ಆದರೆ ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು, ಇನ್ನು ಮುಂದೆ ಅವರು ಹೇಳಿದ ಹಾಗೇ ಹೇಳು, ಉದ್ದವಾದರೂ ಪರವಾಗಿಲ್ಲ ಎಂದರು. ಅಕ್ಕಿ ಆರಿಸಿ ಕೊಟ್ಟರೆ ಹರಳು ಎಲ್ಲಿ ಎಂದು ಕೇಳಿದ ಹಾಗಾಯಿತು. ನನಗೆ ಸಿಟ್ಟು ಬಂತು, ತೋರಿಸಿಕೊಳ್ಳಲಿಲ್ಲ.

ಜುಲೈ ೧೨, ಶನಿವಾರ

ಎರಡನೆಯ ಸಭೆ. ಬರೆಯುವುದೋ ಬೇಡವೋ ಎಂದು ಪೆನ್ನು ಹಿಡಿದು ಕೂತಿದ್ದೇನೆ.

ಇವತ್ತಿನ ಪ್ರಶ್ನೆ ಫೋನಿನದು. ಗುಳಿಗೆ ತಪ್ಪಿಸಿದವರಿಗೆ ಫೋನ್ ಮಾಡಿ ನೆನಪಿಸಬಹುದೆ, ರೋಗಿಗಳು ಒಪ್ಪಿದರೆ ಮಾತ್ರ ಮಾಡುವುದು ಎಂದರು ಡಾಕ್ಟರು. ಎಲ್ಲರೂ ಹೂಂ ಎಂದರು. ಯಲ್ಲವ್ವನ ಸರದಿ ಬಂತು. ಆಕೆ ನನ್ನ ಕಡೆ ತಿರುಗಿ ಕೂತು ದನಿ ತಗ್ಗಿಸಿದಳು.

"ಬಾಯಾರ, ನಾ ಕೊಟ್ಟ ನಂಬರ ನಂದಲ್ರಿ. ನಮ್ಮನ್ನ ಕೆಲಸಕ್ಕ ಹಚ್ಚಿದ ಮುಕಾದಮಂದು. ಶೆಡ್ಡಿನಾಗ ನಮ್ಮೆಲ್ಲಾರ್ದೂ ಅದಽ ನಂಬರ್ರಿ, ಊರಿಂದ ಫೋನ್ ಬಂದ್ರ ಅಂವಽ ಕರದು ಕೊಡ್ತಾನ. ದವಾಖಾನ್ಯಾಗ ನಂಬರ ಇಲ್ಲಂದ್ರ ಹೆಸರ ಬರಕೊಳ್ಳಂಗಿಲ್ಲಂದ್ರು, ಕೊಟ್ನಿ. ಆ ನಂಬರಿಗೆ ಟಿಬಿ ಅಂತ ಫೋನ್ ಬಂದ್ರ ಅವತ್ತಽ ನಮ್ಮ ಗಂಟು ಹೊರಗ. ಫೋನ್ ಮಾಡಬ್ಯಾಡ್ರಿ ಅಂತ ಹೇಳ್ರಿ. ನಿಮಗ ಬಿಡಿಸಿ ಹೇಳೂದ್ಯಾಕ್ರಿ, ನೀವೂ ಆ ಗುಳಿಗಿ ಕೊಡೂ ಕಿಡಕಿ ಮುಂದ ಸೆರಗು ಮುಚ್ಚಿಕೊಂಡು ನಿಂತವ್ರಽ ಅಲ್ಲೇನ್ರಿ. ನಾಕ ವರ್ಷದ ಹಿಂದ ನಮ್ಮ ಅತ್ತಿಗಿ ಸಂಗಾಟ ಬಂದಾಗ ನಾ ನೋಡೀನ್ರಿ."

ಕೇಳಿಸಿತೋ ಇಲ್ಲವೋ, ಕಾಸೀಮಸಾಬ ನನ್ನನ್ನೇ ನೋಡುತ್ತಿದ್ದ. ನಮ್ಮ ಅಂಗಡಿಯ ಗಿರಾಕಿ ಅವನು. ಡಾಕ್ಟರು ಏನು ಹೇಳಿದರು ಎಂದು ಕೇಳಿದರು. ನಾನು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟೇ: ಈಕೆಯದೇನೂ ತಕರಾರಿಲ್ಲ.

ಅಷ್ಟುದ್ದ ಹೇಳಿದರಲ್ಲ ಎಂದರು. ಊರಿನ ಸುದ್ದಿ ಎಂದೆ.

ಹೊತ್ತೂ ಆಗಿತ್ತು. ಆ ನಂಬರಿನ ವಿಷಯ ಡಾಕ್ಟರಿಗೆ ನಾನೇ ಬೇರೆಯಾಗಿ ಫೋನ್ ಮಾಡಿ ಹೇಳಿದರಾಯಿತು. ಅದೇನು ದೊಡ್ಡ ಮಾತಲ್ಲ.

ಜುಲೈ ೧೫, ಮಂಗಳವಾರ

ಡಾಕ್ಟರಿಗೆ ಫೋನ್ ಮಾಡಬೇಕೆಂದಿದ್ದೆ. ಮಾಡಿದರೆ, ಅವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ. ನಾಳೆ ನೋಡೋಣ.

ಜುಲೈ ೨೮, ಸೋಮವಾರ

ನಾಳೆ ನಾಗರ ಪಂಚಮಿ. ಅಂಗಡಿಯಲ್ಲಿ ಜೋಳದ ಅಳ್ಳು, ಶೇಂಗಾ, ಬೆಲ್ಲಕ್ಕೆ ಸಾಲು. ಅತ್ತೆಯೂ ಬಂದು ಗಲ್ಲಾದ ಹತ್ತಿರ ಕೂತಿದ್ದರು. ಆ ಸಾಲಿನಲ್ಲಿ ಯಲ್ಲವ್ವ.

ಕೈಚೀಲ ಹಿಡಿದು ಮೆಲ್ಲಗೆ "ಬಾಯಾರ, ಆ ಫೋನಿನ ಮಾತು ಡಾಕ್ಟರ ಬಾಯಾರಿಗೆ ತಿಳೀತಲ್ರಿ?" ಎಂದಳು. ಅತ್ತೆ ಗಿರಿಜವ್ವ ಕಿವಿ ಈ ಕಡೆ ಕೊಟ್ಟದ್ದು ಕಂಡಿತು. ನಾನು ಹೂಂ ಎಂದೆ. "ಪುಣ್ಯಾ ಬರ್ತದ್ರಿ ನಿಮಗ" ಎಂದು ಹೇಳಿ ಅಳ್ಳು ತೆಗೆದುಕೊಂಡು ಹೋದಳು.

"ಏನದು ಡಾಕ್ಟರಂದು?" ಎಂದು ಅತ್ತೆ ಕೇಳಿದರು. ಆಕೆಯ ಮಗುವಿಗೆ ನೆಗಡಿಯಂತೆ ಎಂದೆ. ಯಲ್ಲವ್ವನಿಗೆ ಮಗು ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ.

ಮನೆಗೆ ಬಂದು ನನ್ನ ಲೋಟದಲ್ಲಿ ನೀರು ಕುಡಿದೆ. ನಾನು ಕಾಯಿಲೆಯಿಂದ ಮಲಗಿದ್ದಾಗ ಅತ್ತೆ ನನಗೆಂದು ಬೇರೆ ಇಟ್ಟ ತಾಟು, ಲೋಟ ಇನ್ನೂ ಬೇರೆಯೇ ಇವೆ. ಮನೆಯ ಉಳಿದ ಪಾತ್ರೆಗಳ ಮೇಲೆಲ್ಲ ಮಾವನ ಹೆಸರು ಕೊರೆಸಿದೆ, ಇವೆರಡರ ಮೇಲೆ ಏನೂ ಇಲ್ಲ. ನಾಳೆ ಡಾಕ್ಟರಿಗೆ ಖಂಡಿತ ಹೇಳುತ್ತೇನೆ.

ಆಗಸ್ಟ್ ೯, ಶನಿವಾರ

ಮೂರನೆಯ ಸಭೆಯಲ್ಲಿ ಯಲ್ಲವ್ವನ ಕುರ್ಚಿ ಖಾಲಿ.

ಡಾಕ್ಟರು ಕೇಳುವ ಮೊದಲೇ ಕಾಸೀಮಸಾಬ ಎದ್ದು ನಿಂತ. "ಸೋಮವಾರ ಮಧ್ಯಾಹ್ನ ಫೋನ್ ಬಂತ್ರಿ. ನಾ ಅಲ್ಲೇ ಪ್ಲಾಸ್ಟರ ಮಾಡಾಕತ್ತಿದ್ನಿ. ಮುಕಾದಮ ಸ್ಪೀಕರ್ ಹಚ್ಚಿದ್ದ. ಯಲ್ಲವ್ವ ಅವರು ಟಿಬಿ ಗುಳಿಗಿ ತಗೊಳ್ಳಾಕ ಬಂದಿಲ್ಲ ಅಂತ ಹುಡುಗಿ ದನಿ. ಇಡೀ ಶೆಡ್ಡಿಗೆ ಕೇಳ್ತು. ಸಂಜಿಕ್ಕ ಮಳ್ಯಾಗಽ ಅವ್ರ ಸಾಮಾನ ಹೊರಗ ಇಟ್ರು. ಆಕಿ ಗುಳಿಗಿ ಚೀಟಿ ಅಲ್ಲೇ ಒಗದು ಹೋದ್ಲು."

ಗುಳಿಗೆ ತಪ್ಪಿದ್ದು ಒಂದೇ ದಿನ. ಶನಿವಾರ ಸ್ಲ್ಯಾಬ್ ಹಾಕುವುದಿತ್ತಂತೆ.

ಫೋನ್ ಮಾಡಿದವಳು ಗೀತಾಂಜಲಿ, ಫಾತೋರ್ಡಾದ ಕನ್ನಡದ ಹುಡುಗಿ, ಫೋನ್ ಮಾಡಲೆಂದೇ ಕಳೆದ ವಾರ ಸೇರಿಸಿಕೊಂಡವಳು. ಮೂಲೆಯಲ್ಲಿ ಕೂತು ಅಳುತ್ತಿದ್ದಳು. ನಂಬರು ಬೇರೆಯವರದು ಎಂದು ನನಗೆ ಯಾರೂ ಹೇಳಲಿಲ್ಲ ಎಂದಳು. ಡಾಕ್ಟರು ಹಳೆಯ ಹಾಳೆ ತೆಗೆದು ನೋಡಿದರು. ಎಲ್ಲರನ್ನೂ ಕೇಳಿದ್ದೆವಲ್ಲ, ಯಲ್ಲವ್ವನ ಹೆಸರಿನ ಮುಂದೆ ತಕರಾರಿಲ್ಲ ಎಂದೇ ಇದೆ ಎಂದರು. ನನ್ನ ಕಡೆ ನೋಡಿದರು.

ನಾನು ಚಹಾದ ಕಪ್ಪುಗಳನ್ನು ಟ್ರೇಗೆ ಜೋಡಿಸಿದೆ.

ಆಗಸ್ಟ್ ೧೦, ಭಾನುವಾರ

ನಾಲ್ಕು ತಿಂಗಳು ನುಂಗಿದ್ದಳು. ಇನ್ನು ಎರಡೇ ತಿಂಗಳಿತ್ತು.

ಆಗಸ್ಟ್ ೧೨, ಮಂಗಳವಾರ

ನಡುವೆ ಬಿಟ್ಟರೆ ಕ್ಷಯ ಮೊದಲಿಗಿಂತ ಮೊಂಡಾಗಿ ತಿರುಗಿ ಬರುತ್ತದೆ. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಫೋನಿನ ವಿಷಯವೂ ಅಷ್ಟೇ. ನಾಲ್ಕು ವರ್ಷದ ಹಿಂದೆ ದವಾಖಾನೆಯಿಂದ ಅಂಗಡಿಗೆ ಫೋನ್ ಬಂದಿತ್ತು. ತೂಗಿಸಿಕೊಳ್ಳಲು ಜನ ನಿಂತಿದ್ದರು. ಶಶಿಧರ "ರಾಂಗ್ ನಂಬರ್" ಎಂದು ಹೇಳಿ ಇಟ್ಟುಬಿಟ್ಟರು. ಆಮೇಲೆ ಎರಡು ದಿನ ನಾನು ಗುಳಿಗೆಗೆ ಹೋಗಲಿಲ್ಲ, ಅಂಜಿಕೆಗೆ. ಆ ಸುತ್ತುಗಟ್ಟಿದ ಕುರ್ಚಿಗಳಲ್ಲಿ ಯಲ್ಲವ್ವ ಹೇಳಿದ್ದು ನನ್ನಷ್ಟು ಚೆನ್ನಾಗಿ ತಿಳಿದವರು ಇನ್ನೊಬ್ಬರಿರಲಿಲ್ಲ. ಆ ಮಾತು ಗೊತ್ತಿರುವವರು ಬೇಕೆಂದೇ ಡಾಕ್ಟರು ನನ್ನನ್ನು ಕರೆದಿದ್ದರು.

ನನ್ನ ಬಗ್ಗೆ ನನಗೇ ಹೇಸಿಕೆ ಬಂದಿದೆ.

ಆಗಸ್ಟ್ ೧೮, ಸೋಮವಾರ

ಕಾಸೀಮಸಾಬ ಹಿಟ್ಟಿಗೆ ಬಂದಾಗ ಹೇಳಿದ, ಅವರು ಕೊರ್ಲಿಮ್‌ನಲ್ಲಿದ್ದಾರೆ, ಲಕ್ಷ್ಮಪ್ಪನ ತಮ್ಮ ಯಮನೂರ ಅಲ್ಲಿಯ ಫ್ಯಾಕ್ಟರಿಯಲ್ಲಿ ಲೋಡಿಂಗಿಗೆ ಹೋಗುತ್ತಾನೆ, ಅವನ ಖೋಲಿಯಲ್ಲಿ. ಅಂಗಡಿಗೆ ಚೀಲ ತರಲು ಹೋಗುತ್ತೇನೆ ಎಂದು ಹೇಳಿ ಪಣಜಿ ಬಸ್ಸು ಹತ್ತಿದೆ.

ಒಂದೇ ಕೋಣೆ. ಗಂಡಸರು ಕೆಲಸಕ್ಕೆ ಹೋಗಿದ್ದರು. ಯಲ್ಲವ್ವ ಬಾಗಿಲಲ್ಲಿ ನನ್ನನ್ನು ನೋಡಿ "ಯವ್ವಾ, ಬಾಯಾರು ಬಂದ್ರು" ಎಂದು ಇದ್ದೊಂದು ಪ್ಲಾಸ್ಟಿಕ್ ಕುರ್ಚಿಯನ್ನು ಸೆರಗಿನಿಂದ ಒರೆಸಿ ಹಾಕಿದರು. ಮೈ ಇಳಿದುಹೋಗಿದೆ. ಚಹಾ ಮಾಡುವಾಗ ಕೆಮ್ಮು ಬಂದರೆ ಹೊರಗೆ ಹೋಗಿ ಕೆಮ್ಮಿ ಬಂದರು.

ಗುಳಿಗೆ ಶುರು ಮಾಡಿ, ಇಲ್ಲೇ ಹತ್ತಿರದಲ್ಲಿ ಕೊಡುತ್ತಾರೆ ಎಂದೆ.

"ಒಲ್ರಿ. ಯಾರ ಗುಳಿಗೀರಿ ಅವು? ನಿಮ್ಮ ಮಾತು ಕೇಳ್ತೀವಿ ಅಂತ ಕುರ್ಚಿ ಹಾಕಿ ಕುಂದ್ರಿಸಿದ್ರು. ನಾ ನಂಬಿ ಇದ್ದದ್ದು ಇದ್ದಂಗ ಹೇಳಿದ್ನಿ. ನೀವರ ಬರೋಬ್ಬರಿ ತಿಳಿಸಿದ್ರಿ, ಅವ್ರಽ ಕಿಮ್ಮತ್ತು ಕೊಡ್ಲಿಲ್ಲ. ಬ್ಯಾಡ ಅಂದಿದ್ನಽ ಮಾಡಿದ್ರು. ಅಂಥವ್ರ ಕೈಯಾಗಿನ ಔಷಧ ಒಲ್ಲೆ. ಬ್ಯಾಸರ ಮಾಡಕೋಬ್ಯಾಡ್ರಿ, ನಿಮ್ಮದೇನು ತಪ್ಪೈತಿ ಇದರಾಗ."

ನಾನು ಚಹಾ ಕುಡಿದೆ. ಲೋಟ ಕೆಳಗಿಟ್ಟು ಹೊರಟುಬಿಟ್ಟೆ. ಬಸ್ಸಿನಲ್ಲಿ ಬಾಣಸ್ತಾರಿ ಸೇತುವೆ ದಾಟುವ ತನಕ ಅಳುತ್ತಲೇ ಇದ್ದೆ, ಆಮೇಲೆ ಕಣ್ಣು ಒರೆಸಿಕೊಂಡೆ. ಫೋಂಡಾದಲ್ಲಿ ಇಳಿದ ಮೇಲೆ ಚೀಲ ತರುವುದು ಮರೆತದ್ದು ನೆನಪಾಯಿತು.

ಆಗಸ್ಟ್ ೨೦, ಬುಧವಾರ

ಮತ್ತೆ ಹೋಗಿದ್ದೆ. ಕುರ್ಚಿ ಹಾಕಿದರು, ಕೂರಲಿಲ್ಲ. ನಿಂತೇ ಹೇಳಿದೆ.

"ಯಲ್ಲವ್ವಾರ, ನೀವು ಹೇಳಿದ್ದು ನಾ ಡಾಕ್ಟರಿಗೆ ಹೇಳಲಿಲ್ರಿ. ತಕರಾರಿಲ್ಲ ಅಂದುಬಿಟ್ಟೆ. ನನಗ ಟಿಬಿ ಆಗಿದ್ದು ಎಲ್ಲಾರ ಮುಂದ ಬರ್ತೈತಿ ಅಂತ ಹೆದರಿದೆ. ಅವರಿಗೆ ಗೊತ್ತಽ ಇರಲಿಲ್ಲ."

ಅವರು ಒಲೆಯ ಮುಂದೆ ಕೂತವರು ಕೂತೇ ಇದ್ದರು.

"ಪಂಚಮಿ ಹಿಂದಿನ ದಿನಾ ಕೇಳಿದ್ನೆಲ್ರಿ. ಹೂಂ ಅಂದ್ರಿ."

"ಅತ್ತಿ ಕುಂತಿದ್ರು."

"ಹೌದ್ರಿ. ಕುಂತಿದ್ರು."

ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವರು ಬೈಯಲಿಲ್ಲ. ಒಲೆಯ ಮೇಲೆ ಚಹಾಕ್ಕೆ ಇಟ್ಟ ನೀರನ್ನು ಇಳಿಸಿ ಕೆಳಗಿಟ್ಟರು.

"ಹಂಗಾರ ಡಾಕ್ಟರ ಬಾಯಾರ್ದು ತಪ್ಪಿಲ್ಲ."

"ಇಲ್ರಿ."

"ನಾಳಿಗೆ ಅವ್ರನ್ನ ಕಳಸ್ರಿ. ಆ ಅಳಾಕತ್ತಿದ್ದ ಹುಡುಗಿ ಅಂತ ಕಾಸೀಮಸಾಬ ಹೇಳಿದ್ನಲ್ರಿ, ಆಕೀನ ಕರಕೊಂಡು ಬರಲಿ. ನೀವು ಬ್ಯಾಡ್ರಿ."

ಆಗಸ್ಟ್ ೨೨, ಶುಕ್ರವಾರ

ನಿನ್ನೆ ಮುಂಜಾನೆ ಎದ್ದವಳೇ ಸೀಮಾ ಡಾಕ್ಟರಿಗೆ ಎಲ್ಲ ಹೇಳಿದೆ. ಅವರು, ಅಷ್ಟುದ್ದದ ಮಾತು ಎರಡು ಪದವಾದಾಗ ನಾನೂ ಕೇಳಿ ಸುಮ್ಮನಾದೆ ಎಂದರು. ಗೀತಾಂಜಲಿಯನ್ನು ಕರೆದುಕೊಂಡು ಕೊರ್ಲಿಮ್‌ಗೆ ಹೋದರು.

ಸಂಜೆ ಗೀತಾಂಜಲಿ ಫೋನ್ ಮಾಡಿದಳು. ಯಲ್ಲವ್ವ ಕಫ ಪರೀಕ್ಷೆಗೆ ಒಪ್ಪಿದ್ದಾರೆ.

ಆಗಸ್ಟ್ ೨೯, ಶುಕ್ರವಾರ

ಕಫದಲ್ಲಿ ರೋಗಾಣು ಮತ್ತೆ ಕಂಡಿದೆ. ನುಂಗಿದ ನಾಲ್ಕು ತಿಂಗಳು ನೀರುಪಾಲಾಯಿತು. ಪುನಃ ಮೊದಲಿನಿಂದ, ಪೂರಾ ಆರು ತಿಂಗಳು. ಮೊದಲೆರಡು ತಿಂಗಳ ಆ ಓಕರಿಕೆ, ಆ ಕೀಲುನೋವು ನನಗೆ ನೆನಪಿದೆ. ಅದನ್ನು ಅವರು ಎರಡನೆಯ ಸಲ ಅನುಭವಿಸುತ್ತಾರೆ, ಕಾರಣ ನಾನು.

ಸೆಪ್ಟೆಂಬರ್ ೧೦, ಬುಧವಾರ

ಶನಿವಾರದ ಸಭೆಗೆ ನಾನು ದುಭಾಷಿಯಲ್ಲ. ಗೀತಾಂಜಲಿ ಮಾಡುತ್ತಾಳೆ. ಯಲ್ಲವ್ವ ಬರುತ್ತಾರಂತೆ, ದುಭಾಷಿ ಬೇರೆಯವರಾದರೆ ಮಾತ್ರ ಎಂದು ಹೇಳಿದ್ದಾರಂತೆ. ಡಾಕ್ಟರು ನನ್ನನ್ನು ಬರಬೇಡ ಎನ್ನಲಿಲ್ಲ. ಬರುವುದಾದರೆ ರೋಗಿಯಾಗಿ ಬಾ, ಮೊದಲೇ ಹಾಗೆ ಕರೆದಿದ್ದೆ ಎಂದರು.

ಊಟಕ್ಕೆ ಕೂತಾಗ ಶಶಿಧರರಿಗೆ ಹೇಳಿದೆ. ಅವರು ತುತ್ತು ಕೈಯಲ್ಲೇ ಹಿಡಿದು "ಅಂಗಡಿ?" ಎಂದರು. ಅತ್ತೆ ಒಳಗಿಂದ ರೊಟ್ಟಿ ತಂದು ಹಾಕುತ್ತ ಹೇಳಿದರು:

"ನಿಮೋನ್ಯಾಕ್ಕ ಆರ ತಿಂಗಳ ಗುಳಿಗಿ ಯಾರು ನುಂಗ್ತಾರೋ ಶಶಿ. ನಾ ಏನು ಕುರುಡಿ ಏನು. ನಮ್ಮ ಓಣಿಗೆಲ್ಲಾ ಗೊತ್ತೈತಿ. ಹಿಟ್ಟು ಒಯ್ಯಾಕತ್ತಿಲ್ಲೇನು ಎಲ್ಲಾರೂ?"

ನಾಲ್ಕು ವರ್ಷ ಕಾದಿಟ್ಟ ಗುಟ್ಟು ಗುಟ್ಟೇ ಆಗಿರಲಿಲ್ಲ. ಇಲ್ಲದ ಗುಟ್ಟಿಗೆ ಒಬ್ಬರ ಸೂರು ಹೋಯಿತು, ಔಷಧ ಹೋಯಿತು. ಮತ್ತೆ ಈ ಲೋಟ ಬೇರೆ ಯಾಕೆ ಇಟ್ಟಿದ್ದೀರಿ ಎಂದು ಅತ್ತೆಯನ್ನು ಕೇಳಿದೆ. "ನೀನಽ ತಗೊಂಡು ಕುಡೀತಿದ್ದಿ. ನಾ ಏನ್ ಅನ್ಲಿ" ಎಂದರು.

ಸೆಪ್ಟೆಂಬರ್ ೧೩, ಶನಿವಾರ

ಯಲ್ಲವ್ವ ಬಂದರು. ಮುಖಕ್ಕೆ ಬಿಳಿ ಮಾಸ್ಕು, ಕಿಟಕಿಯ ಪಕ್ಕದ ಕುರ್ಚಿ. ನಾನು ಎದುರಿನ ಸಾಲಿನಲ್ಲಿ ಕಾಸೀಮಸಾಬನ ಪಕ್ಕ ಕೂತೆ. ಅವರು ನನ್ನನ್ನು ನೋಡಲಿಲ್ಲ.

ಡಾಕ್ಟರು ನನ್ನ ಹೆಸರು ಕರೆದಾಗ ಕನ್ನಡದಲ್ಲೇ ಹೇಳಿದೆ. ನನಗೆ ಕ್ಷಯ ಆಗಿತ್ತು ಎಂದೆ. ಅಂಗಡಿಗೆ ಬಂದ ಫೋನು, ರಾಂಗ್ ನಂಬರ್, ತಪ್ಪಿಸಿದ ಎರಡು ದಿನ, ಎಲ್ಲ ಹೇಳಿದೆ. ಜುಲೈ ಹನ್ನೆರಡರಂದು ಇದೇ ಕೋಣೆಯಲ್ಲಿ ಯಲ್ಲವ್ವ ಹೇಳಿದ ಮಾತನ್ನು, ನನಗೆ ನೆನಪಿದ್ದಷ್ಟೂ, ಅವರು ಆಡಿದ ಹಾಗೇ ಹೇಳಿದೆ. ಅದಕ್ಕೆ ಬದಲು ನಾನು ಏನೆಂದೆ ಎನ್ನುವುದನ್ನೂ ಹೇಳಿದೆ. ಗೀತಾಂಜಲಿ ಒಂದೊಂದೇ ವಾಕ್ಯ ನಿಲ್ಲಿಸಿ ಇಂಗ್ಲಿಷಿಗೆ ಹೇಳುತ್ತ ಹೋದಳು. ನನಗಿಂತ ನಿಧಾನ. ಏನನ್ನೂ ಬಿಡುವುದಿಲ್ಲ.

ಇನ್ನು ಮುಂದೆ ಈ ಫೋನ್ ಯಾರದು, ಯಾರು ಎತ್ತುತ್ತಾರೆ, ಏನೆಂದು ಮಾತಾಡಬೇಕು ಎಂದು ಪ್ರತಿಯೊಬ್ಬರನ್ನೂ ಒಬ್ಬೊಬ್ಬರಾಗಿ ಕರೆದು ಕೇಳಬೇಕೆಂದು ಕಾಸೀಮಸಾಬ ಹೇಳಿದ. ಬರೆದುಕೊಂಡರು. ಮುಂದೆ ಬರುವವರಿಗೆ ಒಳ್ಳೆಯದಾಗುತ್ತದೆ.

ಆಮೇಲೆ ಯಲ್ಲವ್ವನ ಸರದಿ. ಅವರು ಗೀತಾಂಜಲಿಯ ಕಡೆ ತಿರುಗಿದರು.

"ಈ ಬಾಯಾರು ಇವತ್ತ ಆಡಿದ ಮಾತು ಅವತ್ತಽ ಆಡಿದ್ರ ನನ್ನ ನಾಕ ತಿಂಗಳ ಉಳೀತಿತ್ತು. ಈಗ ಆಡಿದ್ರ ನನಗೇನೂ ಹೊಳ್ಳಿ ಬರಂಗಿಲ್ಲ. ಇದನ್ನೂ ಡಾಕ್ಟರ ಬಾಯಾರಿಗೆ ಹೇಳವಾ. ಒಂದೂ ಬಿಡಬ್ಯಾಡ."

ಗೀತಾಂಜಲಿ ಬಾಯಿ ತೆರೆದವಳು ನಿಲ್ಲಿಸಿ ನನ್ನ ಮುಖ ನೋಡಿದಳು.

"ಹೇಳು" ಎಂದೆ.

ಹೇಳಿದಳು.